ಅರ್ಧಕ್ಕೆ ಬಿಟ್ಟ ಮಾತ್ರೆ

“ಮೊದಲು ಯಾವಾಗಲಾದರೂ ಈ ಮಾತ್ರೆ ತಗೊಂಡಿದ್ರಾ?”

ನರ್ಸಮ್ಮ ಹಾಗೆ ಕೇಳಿದಾಗ ಮಗ್ಗದಮ್ಮನ ಕೈಯಲ್ಲಿದ್ದ ಲಾಳಿ ನಿಂತುಹೋಯಿತು. “ಇಲ್ಲವಲ್ಲ” ಎಂದಳು. ಅವಳ ಕಫದಲ್ಲಿ ಕ್ಷಯವಿದೆಯೆಂಬ ಚೀಟಿ ಹಿಡಿದು ನರ್ಸಮ್ಮ ಒಳಬಂದು ಇನ್ನೂ ಐದು ನಿಮಿಷವಾಗಿರಲಿಲ್ಲ.

ಎದುರು ಮಗ್ಗದ ಗುಂಡಿಯಿಂದ ಮಗ ಮೇಲೆದ್ದು ಬಂದ. “ಅಮ್ಮನಿಗೆ ನನ್ನ ಹೆಂಡತಿಯಿಂದಲೇ ಬಂದದ್ದು. ತವರಿಂದ ಹೊತ್ಕೊಂಡು ಬಂದಳು, ಈ ಮನೆಗೆ ಹಚ್ಚಿ ಹೋದಳು. ಇನ್ನು ಅಲ್ಲೇ ಬಿದ್ದಿರಲಿ.”

ಮಗ್ಗದಮ್ಮ ತಲೆಯೆತ್ತಲಿಲ್ಲ. ಮಗನ ಬಾಯಿಗೆ ಆ ಮಾತು ತುರುಕಿದವಳು ತಾನೇ ಅಲ್ಲವೆ... ಸೊಸೆಗೆ ಕೆಮ್ಮು ಹತ್ತಿದಾಗ ಅವಳ ತಟ್ಟೆ ಲೋಟ ಬೇರೆಯಿಟ್ಟು ಕುದಿಯುವ ನೀರಿಗೆ ಹಾಕಿದವಳು ತಾನು. ರೋಗದ ಹುಡುಗಿಯನ್ನು ನಮ್ಮ ಕೊರಳಿಗೆ ಕಟ್ಟಿದಿರಿ ಎಂದು ಬೀಗರ ಮುಖಕ್ಕೆ ಹೊಡೆದಂತೆ ಹೇಳಿ, ಅವಳನ್ನು ತವರಿಗೆ ಅಟ್ಟಿದವಳೂ ತಾನೇ.

“ಯಾರಿಂದ ಯಾರಿಗೆ ಅಂತ ಹಣೇಲಿ ಬರೆದಿರಲ್ಲಪ್ಪ,” ಎಂದಳು ನರ್ಸಮ್ಮ. “ತಟ್ಟೆ ಲೋಟದಿಂದ ಹರಡೋದಲ್ಲ ಇದು. ಕೆಮ್ಮಿದ್ದು ಗಾಳಿಗೆ ಸೇರಿ ಜೊತೇಲಿರೋರ ಉಸಿರಿಗೆ ಹೋಗುತ್ತೆ. ಈ ಕಿಟಕಿ ತೆಗೆಯೋದೇ ಇಲ್ವಾ?”

“ಗಾಳಿ ಬಡಿದರೆ ಎಳೆ ಹರಿಯುತ್ತೆ,” ಎಂದ ಮಗ.

“ಸರಿಹೋಯ್ತು, ನೂಲನ್ನ ಚೆನ್ನಾಗಿ ಸಾಕಿದೀರಿ.” ನರ್ಸಮ್ಮ ಮತ್ತೆ ಮಗ್ಗದಮ್ಮನ ಕಡೆ ತಿರುಗಿದಳು. “ಸುಮ್ಮನೆ ಕೇಳಿಲ್ಲಮ್ಮ. ನಿಮ್ಮ ಸೊಸೆ ಎರಡು ತಿಂಗಳಿಂದ ಒಂದು ದಿನ ತಪ್ಪಿಸದೆ ಮಾತ್ರೆ ನುಂಗಿದಾಳೆ, ಜ್ವರ ಬಿಟ್ಟಿಲ್ಲ. ಮನೇಲಿ ಯಾರಾದ್ರೂ ಮೊದಲೇ ಶುರುಮಾಡಿ ಅರ್ಧಕ್ಕೆ ಬಿಟ್ಟಿದ್ರೆ, ರೋಗ ಆ ಮದ್ದಿಗೆ ಬಗ್ಗದೆ ಹೋಗಿರಬಹುದು. ಅದೇ ಅವಳಿಗೂ ಅಂಟಿದ್ರೆ ಬೇರೆ ಮದ್ದೇ ಬೇಕು. ತಡವಾದಷ್ಟೂ ಶ್ವಾಸಕೋಶ ತಿಂದುಹಾಕುತ್ತೆ.”

ಮಗನ ಮದುವೆಗೆ ಮುಂಚೆ ಕಣ್ಣು ತೋರಿಸಿಕೊಂಡು ಬರುತ್ತೇನೆಂದು ಸುಳ್ಳು ಹೇಳಿ ದೂರದ ಆಸ್ಪತ್ರೆಗೆ ಹೋಗಿದ್ದಳು ಮಗ್ಗದಮ್ಮ. ಆರು ತಿಂಗಳು ನುಂಗಬೇಕೆಂದು ಕೊಟ್ಟ ಮಾತ್ರೆಯನ್ನು ಬಚ್ಚಲಲ್ಲಿ ನಿಂತು ಎರಡು ತಿಂಗಳು ನುಂಗಿದ್ದಳು. ಕೆಮ್ಮು ನಿಂತಿತು, ಮೈ ತುಂಬಿಕೊಂಡಿತು. ನೆಂಟರು ಬಂದು ಸೇರುವ ಹೊತ್ತಾಯಿತು. ಯಾರ ಕಣ್ಣಿಗಾದರೂ ಬಿದ್ದರೆ ಸಂಬಂಧವೇ ಮುರಿಯುತ್ತದೆಂದು ಉಳಿದ ಮಾತ್ರೆಗಳನ್ನು ಒಲೆಗೆ ಹಾಕಿದಳು. ಮದುವೆಯಾದ ಮೇಲೆ ಕೆಮ್ಮು ಮರಳಿದಾಗ ನೂಲಿನ ಧೂಳು ಎಂದಳು... ಆ ಹುಡುಗಿ ನಂಬಿದಳು. ವರ್ಷವಿಡೀ ತನ್ನಿಂದ ಒಂದೇ ಮೊಳ ದೂರದಲ್ಲಿ ಕೂತು ಕಂಡಿಕೆಗೆ ನೂಲು ಸುತ್ತಿದಳು.

ನರ್ಸಮ್ಮ ತನ್ನ ದಾಖಲೆ ಪುಸ್ತಕ ಮಡಚಿ ಎದ್ದಳು. ಸುಮ್ಮನಿದ್ದುಬಿಟ್ಟರೆ ಮುಗಿಯಿತು. ಮಗನ ಕಣ್ಣಲ್ಲಿ ತಾನು ತಾಯಿಯಾಗಿಯೇ ಉಳಿಯುತ್ತೇನೆ. ಆ ಹುಡುಗಿ ಮಾತ್ರ...

“ನಿಲ್ಲಿ ನರ್ಸಮ್ಮ.” ಮಗ್ಗದಮ್ಮ ಲಾಳಿ ಕೆಳಗಿಟ್ಟಳು. “ತಗೊಂಡಿದ್ದೆ. ಎರಡು ತಿಂಗಳು. ಇವನ ಮದುವೆಗೆ ಮುಂಚೆ.”

ನರ್ಸಮ್ಮ ಮತ್ತೆ ಕೂತು ಪುಸ್ತಕ ಬಿಚ್ಚಿದಳು. ಮಗ ತಾಯಿಯನ್ನು ನೋಡಿದ. ಬೈದಿದ್ದರೆ ಆಕೆಗೆ ಹಗುರಾಗುತ್ತಿತ್ತೋ ಏನೋ. ಅವನು ಗೋಡೆಯ ಕಡೆ ತಿರುಗಿ ನಿಂತ. “ಅವಳನ್ನ ಬಾಗಿಲಾಚೆ ಹಾಕಿದಾಗ ನೀನು ಅಳ್ತಿದ್ದೆ ಅಮ್ಮ,” ಎಂದ. “ನನಗಾಗಿ ಅಳ್ತಿದೀಯ ಅಂದ್ಕೊಂಡಿದ್ದೆ.”

ಮಾರನೆಯ ಬೆಳಿಗ್ಗೆ ಆಸ್ಪತ್ರೆಯ ಜಗಲಿಯ ಬೆಂಚಿನಲ್ಲಿ ಸೊಸೆ ಬಾಯಿಗೆ ಬಟ್ಟೆ ಕಟ್ಟಿಕೊಂಡು ಕೂತಿದ್ದಳು; ಕತ್ತಿನ ಮೂಳೆ ಎದ್ದು ಕಾಣುತ್ತಿತ್ತು. ಪಕ್ಕದಲ್ಲಿ ಅವಳ ಅಪ್ಪ, ಬೀಗ-ಕೀಲಿ ರಿಪೇರಿ ಮಾಡುವವನು. ಮಗ್ಗದಮ್ಮ ಅವರ ಮುಂದೆ ನಿಂತು, ಸಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ, ಒಂದನ್ನೂ ಬಿಡದೆ ಹೇಳಿದಳು. ಸೊಸೆಯ ಅಪ್ಪ ಮುಖ ಮುಚ್ಚಿಕೊಂಡ.

“ಆಗಲೇ ನನಗೊಬ್ಬಳಿಗೆ ಹೇಳಿದ್ರೆ ಸಾಕಿತ್ತಲ್ಲ ಅತ್ತೆ,” ಎಂದಳು ಸೊಸೆ. “ನಾನು ಯಾರಿಗೂ ಹೇಳ್ತಿರಲಿಲ್ಲ.”

ಮಗ್ಗದಮ್ಮನಿಗೆ ನೆಲ ನೋಡಲೂ ಮುಖವಿಲ್ಲದಂತಾಯಿತು. ಅತ್ತು ಮುಗಿಸುವಷ್ಟು ಸಣ್ಣದಾಗಿರಲಿಲ್ಲ ಆ ತಪ್ಪು.

ಒಳಗಿನಿಂದ ನರ್ಸಮ್ಮ ಇಬ್ಬರನ್ನೂ ಕೂಗಿದಳು. ಸೊಸೆ ಗೋಡೆ ಹಿಡಿದು ಎದ್ದಳು. ಆಸರೆಗೆ ಅತ್ತೆ ಚಾಚಿದ ಕೈಯನ್ನು ನೋಡಿದಳು, ಹಿಡಿಯಲಿಲ್ಲ. ಎರಡು ಹೆಜ್ಜೆ ಮುಂದೆ ಹೋಗಿ, ತಿರುಗದೆ ನಿಂತಳು.

“ಬನ್ನಿ,” ಎಂದಳು. “ನೀವು ಯಾವ ಮಾತ್ರೆ ನುಂಗಿದ್ರಿ ಅಂತ ನೀವೇ ಹೇಳಬೇಕಲ್ಲ.”