ಪೈಕ್‌ಗೆ ಸಂದ ಮೊದಲ ಸರದಿ

ವೆಂಡೆಲ್ ಪೈಕ್ ಎಂಬ ಅಮೆರಿಕದ ಬೇಸ್‌ಬಾಲ್ ಆಟಗಾರ ಸೀಸನ್ನಿನ ಮೊದಲ ದಿನವೇ ಎರಡು ಹೋಮ್ ರನ್ ಹೊಡೆದ. ಎರಡು ಸಲವೂ ಚೆಂಡು ಹೋಗಿ ಜನರ ಮಧ್ಯೆ ಬಿತ್ತು. ಆದರೆ ಜರ್ಮನಿಯ ಡ್ಯೂಸೆಲ್ಡಾರ್ಫಿನಲ್ಲಿ ಕೂತು ಅವನನ್ನು ತನ್ನ ತಂಡಕ್ಕೆ ಆರಿಸಿಕೊಂಡಿದ್ದ ಧೃತಿಗೆ ಅದರಿಂದ ಒಂದು ಪಾಯಿಂಟೂ ದಕ್ಕಲಿಲ್ಲ. ಫೋನಿನ ಆ್ಯಪ್‌ನಲ್ಲಿ ಅವಳು ಕಟ್ಟಿದ್ದ ಆ ತಂಡದಲ್ಲಿ ಆವತ್ತು ಪೈಕ್ ಆಟಕ್ಕಿಳಿಯದೆ ಬೆಂಚಿನ ಮೇಲಿದ್ದ.

ಮಾರನೆಯ ಬೆಳಿಗ್ಗೆ ಪ್ರದ್ಯುಮ್ನ ಅವಳ ಮೇಜಿನ ಹತ್ತಿರ ಬಂದು ನಿಂತ. ಅದೇ ಆಫೀಸಿನವನು, ಮೈಸೂರಿನವನು, ಕೋಪ ಬಂದರೂ ಮೆಲ್ಲಗೇ ಮಾತಾಡುವವನು.

"ಪೈಕ್‌ನ ಬೇಕು ಅಂತಲೇ ಕೂರಿಸಿದ್ರಾ?"

"ಹೌದು," ಎಂದಳು ಧೃತಿ, ಪರದೆಯಿಂದ ಕಣ್ಣೆತ್ತದೆ.

ಅದು ಶುದ್ಧ ಸುಳ್ಳು. ಅವನು ಕನ್ನಡಕ ಸರಿಮಾಡಿಕೊಂಡು, ಅವಳ ಕಿವಿಯ ಹತ್ತಿರ ಎಲ್ಲೋ ಒಂದು ಕಡೆ ನೋಡಿ, ಸರಿ ಎಂದು ಹೊರಟುಹೋದ. ಹೀಗೆ ಮರುಮಾತಿಲ್ಲದೆ ಹೋಗುವ ಗಂಡಸರನ್ನು ಕಂಡರೆ ಧೃತಿಗೆ ಮೈಯೆಲ್ಲ ಉರಿಯುತ್ತಿತ್ತು. ಜಗಳಕ್ಕೆ ನಿಂತಿದ್ದರೆ ಅವಳು ನಿಜ ಹೇಳುತ್ತಿದ್ದಳೋ ಏನೋ.

ಜರ್ಮನಿಯಲ್ಲಿ ಬೇಸ್‌ಬಾಲ್ ಎಲ್ಲಿಂದ ಬಂತು ಎಂದು ಯಾರಾದರೂ ಕೇಳಿದರೆ, ಆ ಊರನ್ನು ಬಲ್ಲವರು ನಗುತ್ತಾರೆ. ಡ್ಯೂಸೆಲ್ಡಾರ್ಫಿನಲ್ಲಿ ಜಪಾನೀ ಅಂಗಡಿಗಳದ್ದೇ ಒಂದು ಬೀದಿಯಿದೆ, ಜಪಾನೀ ಕಂಪನಿಗಳಿವೆ, ಧೃತಿ ಕೆಲಸ ಮಾಡುವ ಅಂಥದೊಂದು ಕಂಪನಿಯ ಐಟಿ ವಿಭಾಗಕ್ಕೆ ತನಾಬೆ ಎಂಬ ಬೇಸ್‌ಬಾಲ್ ಹುಚ್ಚಿನ ಯಜಮಾನರಿದ್ದಾರೆ. ಐಪಿಎಲ್ ಬಂದಾಗ ನಮ್ಮವರು ಫೋನಿನಲ್ಲಿ ತಂಡ ಕಟ್ಟುತ್ತಾರಲ್ಲ, ಅದೇ ಆಟ ಇದು. ಅಮೆರಿಕದಲ್ಲಿ ಅವರು ನಿಜವಾಗಿ ಆಡುತ್ತಾರೆ, ಇಲ್ಲಿ ಇವರು ಅವರನ್ನು ಆರಿಸಿಟ್ಟುಕೊಂಡು ಪಾಯಿಂಟು ಎಣಿಸುತ್ತಾರೆ. ಮಾರ್ಚಿನಿಂದ ಸೆಪ್ಟೆಂಬರಿನವರೆಗೆ ಬಿಡುವಿಲ್ಲ. ತನಾಬೆಯವರು ಕರೆದಾಗ ಯಾರೂ ಒಲ್ಲೆ ಎನ್ನಲಿಲ್ಲ. ತಂಡಗಳಿಗಿಂತ ಜನ ಒಬ್ಬರು ಹೆಚ್ಚಾದಾಗ ಅವರು ಬಹಳ ಯೋಚಿಸಿ, ಒಂದೇ ಭಾಷೆಯವರು ಎಂಬ ಕಾರಣಕ್ಕೆ ಧೃತಿಯನ್ನೂ ಪ್ರದ್ಯುಮ್ನನನ್ನೂ ಒಂದೇ ತಂಡದ ಜಂಟಿ ಮ್ಯಾನೇಜರುಗಳನ್ನಾಗಿ ಮಾಡಿದರು. ಧೃತಿಯ ದಾವಣಗೆರೆಗೂ ಅವನ ಮೈಸೂರಿಗೂ ಎಷ್ಟು ದೂರ ಎಂದು ಅವರಿಗೆ ಯಾರು ಹೇಳಬೇಕು?

ಮೊದಲ ದಿನದ ತಂಡವನ್ನು ತಾನೇ ಇಳಿಸುತ್ತೇನೆಂದು ಧೃತಿ ಒಪ್ಪಿಕೊಂಡಿದ್ದಳು. ಅಮೆರಿಕಕ್ಕೂ ಇಲ್ಲಿಗೂ ಆರು ಗಂಟೆ ಅಂತರ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿ, ಆರಾಮಾಗಿ ಒಗ್ಗರಣೆ ಹಾಕುತ್ತಿದ್ದಳು. ಆದರೆ ಬೇಸಿಗೆಗೆಂದು ಅಮೆರಿಕದವರು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುವುದು ಮಾರ್ಚಿನ ಮೊದಲರ್ಧದಲ್ಲಿ, ಜರ್ಮನಿಯವರು ಕೊನೆಯ ಭಾನುವಾರ. ನಡುವಿನ ಆ ದಿನಗಳಲ್ಲಿ ಅಂತರ ಐದೇ ಗಂಟೆ. ಅವಳು ಆ್ಯಪ್ ತೆರೆಯುವ ಹೊತ್ತಿಗೆ ಅಲ್ಲಿ ಆಟ ಶುರುವಾಗಿ, ತಂಡಕ್ಕೆ ಬೀಗ ಬಿದ್ದಿತ್ತು, ಬೆಂಚಿನಲ್ಲಿದ್ದವರನ್ನು ಆಟಕ್ಕಿಳಿಸುವಂತಿರಲಿಲ್ಲ.

ಸೋಮವಾರ ಅವಳ ಕೀಬೋರ್ಡಿನ ಮೇಲೆ ಒಂದು ಒನಿಗಿರಿ ಇತ್ತು, ಜಪಾನೀ ಅಂಗಡಿಯಲ್ಲಿ ಸಿಗುವ ಮೂರು ಮೂಲೆಯ ಅನ್ನದ ಉಂಡೆ. ಪಕ್ಕದಲ್ಲಿ ಪ್ರದ್ಯುಮ್ನ ನಿಂತಿದ್ದ.

"ನಿನ್ನೆ ಅಡುಗೆಮನೆ ಗಡಿಯಾರ ತಿರುಗಿಸುವಾಗ ಹೊಳೀತು. ಒಂದು ಗಂಟೆ ವ್ಯತ್ಯಾಸ ಆಗಿದೆ ಅಲ್ವಾ? ಸಾರಿ ರೀ. ನೀವು ಬೇಕು ಅಂತ ಮಾಡಿಲ್ಲ."

ಧೃತಿ ಅವನನ್ನು ಮೊದಲ ಸಲ ಸರಿಯಾಗಿ ನೋಡಿದಳು. ತಪ್ಪು ಅವಳದು, ಕ್ಷಮೆ ಕೇಳುತ್ತಿರುವವನು ಇವನು. ಕನ್ನಡಕದ ಹಿಂದಿನ ಕಣ್ಣುಗಳು ಚೆನ್ನಾಗಿವೆ ಎಂದು ಅವಳಿಗೆ ಅನ್ನಿಸಿತು. ಅನ್ನಿಸಿದ್ದಕ್ಕೆ ಸಿಟ್ಟೂ ಬಂತು. ಒನಿಗಿರಿಯೊಳಗೆ ಮೀನಿದೆಯೇ ಎಂದು ಗಂಭೀರವಾಗಿ ಕೇಳಿದಳು. ಇಲ್ಲ, ಉಪ್ಪಿನಲ್ಲಿ ಹಾಕಿದ ಹುಳಿ ಹಣ್ಣು, ನಮ್ಮ ಉಪ್ಪಿನಕಾಯಿಯ ದೂರದ ನೆಂಟ ಎಂದು ಅವನು ಹೇಳಿದ.

ಆಮೇಲೆ ಪೈಕ್‌ಗೆ ಏನಾಯಿತೋ, ಬ್ಯಾಟು ಚೆಂಡಿಗೆ ತಾಗುವುದೇ ನಿಂತುಹೋಯಿತು. ಒಂದು ದಿನ ಸೊನ್ನೆ, ಮರುದಿನ ಸೊನ್ನೆ. ಧೃತಿ ಬೆಳಿಗ್ಗೆ ಅವನನ್ನು ಬೆಂಚಿಗೆ ಹಾಕುವಳು, ಊಟದ ಹೊತ್ತಿಗೆ ಪ್ರದ್ಯುಮ್ನ ಮತ್ತೆ ಆಟಕ್ಕಿಳಿಸುವನು. ಯಾರು ಏನು ಮಾಡಿದರೆಂದು ಆ್ಯಪ್ ಎಲ್ಲರಿಗೂ ತೋರಿಸುತ್ತಿದ್ದುದರಿಂದ ಈ ಸಂಸಾರದ ಜಗಳ ಇಡೀ ವಿಭಾಗಕ್ಕೆ ಗೊತ್ತಿತ್ತು. ಎದುರಾಳಿ ತಂಡದ ಸುನಿಲಕುಮಾರ ಕಾಫಿ ಮಷೀನಿನ ಹತ್ತಿರ ಸಿಕ್ಕಾಗಲೆಲ್ಲ, ಮನೆ ಕಡೆ ಎಲ್ಲ ಕ್ಷೇಮವೇ ಗುರು ಎಂದು ವಿಚಾರಿಸಿಕೊಳ್ಳುತ್ತಿದ್ದ.

ಇಬ್ಬರ ಸ್ವಭಾವವೇ ಹಾಗೆ, ಎಣ್ಣೆ ಸೀಗೇಕಾಯಿ. ಎರಡು ವಾರ ಆಡದವನನ್ನು ಕಿತ್ತು ಬಿಸಾಡಬೇಕು ಎನ್ನುವುದು ಅವಳ ವಾದ. ಇಷ್ಟುದ್ದದ ಸೀಸನ್ನಿನಲ್ಲಿ ಎರಡು ವಾರ ಯಾವ ಲೆಕ್ಕ ಎನ್ನುವುದು ಅವನದು. ಧೃತಿಗೂ ಕಾರಣವಿತ್ತು. ದಾವಣಗೆರೆಯಲ್ಲಿ ನಿಶ್ಚಿತಾರ್ಥ ಮುಗಿಸಿಕೊಂಡು ಹೋದ ಹುಡುಗನ ಕಡೆಯವರು ಒಂದು ವಾಟ್ಸಾಪ್ ಮೆಸೇಜಿನಲ್ಲಿ ಸಂಬಂಧ ಬೇಡವೆಂದಿದ್ದರು. ಕಾರಣ ಸಹ ಬರೆದಿರಲಿಲ್ಲ. ಅಂದಿನಿಂದ ಬಿಡುವುದಿದ್ದರೆ ತಾನೇ ಮೊದಲು ಬಿಡುವುದು ಎಂದು ಅವಳು ತೀರ್ಮಾನಿಸಿದ್ದಳು.

ಪ್ರದ್ಯುಮ್ನನದು ಇನ್ನೊಂದು ರೋಗ. ಬಂದು ನಾಲ್ಕು ವರ್ಷವಾದರೂ ಮನೆಗೆ ಸೋಫಾ ತಂದಿರಲಿಲ್ಲ, ನಾಳೆ ಊರು ಬದಲಿಸಬೇಕಾದರೆ ಎಂದು. ರೈಲಿನಲ್ಲಿ ಯಾವಾಗ ಬೇಕಾದರೂ ಹತ್ತಬಹುದಾದ, ಬೇಡವಾದರೆ ಬಿಡಬಹುದಾದ ಫ್ಲೆಕ್ಸ್‌ಪ್ರೈಸ್ ಟಿಕೆಟನ್ನೇ ಕೊಳ್ಳುತ್ತಿದ್ದ. ತಂಡದಲ್ಲೂ ಅದೇ ಬುದ್ಧಿ. ಈ ಆಟದ ನಿಯಮದಂತೆ ಯಾವುದಾದರೂ ತಂಡ ಒಬ್ಬ ಆಟಗಾರನನ್ನು ಕೈಬಿಟ್ಟರೆ, ಯಾರು ಬೇಕಾದರೂ ಕೇಳಲೆಂದು ಅವನು ಎರಡು ದಿನ ಎಲ್ಲರ ಮುಂದಿರುತ್ತಾನೆ. ಕೇಳಿದವರಲ್ಲಿ ಸರದಿಯಲ್ಲಿ ಮುಂದಿರುವ ತಂಡಕ್ಕೆ ಸೇರುತ್ತಾನೆ. ಒಮ್ಮೆ ಕೇಳಿ ಪಡೆದ ತಂಡ ಸರದಿಯ ಕೊನೆಗೆ ಹೋಗುತ್ತದೆ. ಚೀಟಿ ಎತ್ತಿದಾಗ ಇವರಿಗೆ ಮೊದಲ ಸರದಿ ಸಿಕ್ಕಿತ್ತು. ಎಂಥೆಂಥ ಆಟಗಾರರು ಬಂದರೂ ಪ್ರದ್ಯುಮ್ನ ಅದನ್ನು ಮುಟ್ಟಗೊಡಲಿಲ್ಲ. ಇನ್ನೂ ಒಳ್ಳೆಯವನು ಬರಲಿ ಎನ್ನುತ್ತಿದ್ದ.

ಹೀಗೆ ಕಿತ್ತಾಡುತ್ತಲೇ ಅವರು ದಿನಾ ಮಧ್ಯಾಹ್ನ ಒಟ್ಟಿಗೆ ಹೋಗಿ ಜಪಾನೀ ನೂಡಲ್ಸು ರಾಮೆನ್ ತಿನ್ನುವುದು ರೂಢಿಯಾಯಿತು. ಬಟ್ಟಲಿನ ಹಬೆಗೆ ಅವನ ಕನ್ನಡಕ ಮಬ್ಬಾಗುತ್ತಿತ್ತು. ತೆಗೆದು ಅಂಗಿಯ ತುದಿಯಲ್ಲಿ ಒರೆಸುವಷ್ಟು ಹೊತ್ತು ಅವನಿಗೆ ಎದುರಿನದು ಸರಿಯಾಗಿ ಕಾಣುತ್ತಿರಲಿಲ್ಲ. ಆ ಹೊತ್ತಿನಲ್ಲಿ ಧೃತಿ ಅವನನ್ನು ಮನಸೋ ಇಚ್ಛೆ ನೋಡಿಕೊಳ್ಳುತ್ತಿದ್ದಳು. ಕನ್ನಡಕ ಮತ್ತೆ ಮೂಗಿಗೇರಿದ ಕೂಡಲೇ ಪೈಕ್‌ನನ್ನು ಬೈಯಲು ಶುರುಮಾಡುತ್ತಿದ್ದಳು.

ಏಪ್ರಿಲ್ ಮಧ್ಯದಲ್ಲಿ ಅವಳಿಗೆ ಡ್ರೆಸ್ಡೆನ್ನಿನಿಂದ ಕೆಲಸದ ಕರೆ ಬಂತು. ಚಿಪ್ ತಯಾರಿಸುವ ಕಾರ್ಖಾನೆ, ದೊಡ್ಡ ಹುದ್ದೆ, ಶುಕ್ರವಾರದೊಳಗೆ ಉತ್ತರ ಹೇಳಬೇಕು. ದೇಶದ ಈ ತುದಿಯಿಂದ ಆ ತುದಿಗೆ ಹೋಗಬೇಕು. ಮಂಗಳವಾರ ಊಟ ಮುಗಿಸಿ ರೈನ್ ನದಿಯ ದಂಡೆಯಲ್ಲಿ ನಡೆಯುವಾಗ ಅವನಿಗೆ ಹೇಳಿದಳು. ಹೇಳಿ, ಅವನ ಮುಖವನ್ನೇ ನೋಡಿದಳು. ಹೋಗಬೇಡ ಎಂದು ಅವನು ಹೇಳಲಿ ಎಂದಲ್ಲ. ಹೇಳಬೇಕೆಂದು ಅನ್ನಿಸಿದ್ದಾದರೂ ಆ ಮುಖದಲ್ಲಿ ಕಾಣಲಿ ಎಂದು.

ಪ್ರದ್ಯುಮ್ನ ನದಿಯಲ್ಲಿ ಹೋಗುತ್ತಿದ್ದ ಸರಕಿನ ದೋಣಿಯೊಂದನ್ನು ಕಣ್ಮರೆಯಾಗುವವರೆಗೂ ನೋಡಿದ.

"ಒಳ್ಳೆ ಅವಕಾಶ. ಬಿಡಬೇಡಿ," ಎಂದ.

ಧೃತಿ ತಿರುಗಿ ಆಫೀಸಿನ ಕಡೆ ನಡೆದಳು. ಸಂಜೆ ಟ್ರಾಮಿನಲ್ಲಿ ಕೂತು ಪೈಕ್‌ನನ್ನು ತಂಡದಿಂದ ತೆಗೆದೇಬಿಟ್ಟಳು. ಗುರುವಾರ ಡ್ರೆಸ್ಡೆನ್ನಿಗೆ ಒಪ್ಪಿಗೆಯ ಮೇಲ್ ಕಳಿಸಿದಳು. ಎರಡೂ ಕೆಲಸಕ್ಕೆ ತಗಲಿದ್ದು ಒಂದೊಂದು ಬೆರಳಿನ ಒತ್ತು. ಆಮೇಲೆ ಟಾಯ್ಲೆಟ್ಟಿಗೆ ಹೋಗಿ ಸ್ವಲ್ಪ ಹೊತ್ತು ಅತ್ತಳು.

ಶುಕ್ರವಾರ ಬೆಳಿಗ್ಗೆ ಅವಳು ಆಫೀಸಿಗೆ ಬಂದಾಗ ಸುನಿಲಕುಮಾರ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಜೋಪಾನವಾಗಿ ಕಾದಿಟ್ಟಿದ್ದ ಮೊದಲ ಸರದಿಯನ್ನು ಅವಳ ತಂಡ ರಾತ್ರಿ ಖರ್ಚು ಮಾಡಿತ್ತು. ಪಡೆದದ್ದು ಯಾರನ್ನು? ಬೇರೆ ಯಾರೂ ಕೇಳದಿದ್ದ ವೆಂಡೆಲ್ ಪೈಕ್‌ನನ್ನು. ಬಿಟ್ಟವರೂ ನೀವೇ, ಓಡಿ ಹೋಗಿ ಹಿಡಿದವರೂ ನೀವೇ, ಇದೆಂಥಾ ಆಟ ತಾಯಿ ಎಂದು ಅವನು ಕೈಮುಗಿದ. ತನಾಬೆಯವರು ಮಾತ್ರ ನಗಲಿಲ್ಲ. ಪ್ರದ್ಯುಮ್ನನ ಖಾಲಿ ಕುರ್ಚಿಯನ್ನೊಮ್ಮೆ, ಧೃತಿಯನ್ನೊಮ್ಮೆ ನೋಡಿ, ತಮ್ಮ ಟೀ ತೆಗೆದುಕೊಂಡು ಕೋಣೆಗೆ ಹೋದರು.

ಪ್ರದ್ಯುಮ್ನ ನದಿಯ ದಂಡೆಯಲ್ಲಿದ್ದ. ಧೃತಿ ಕೋಟು ಹಾಕಿಕೊಳ್ಳುವುದನ್ನೂ ಮರೆತು ಅಲ್ಲಿಗೆ ಓಡಿಬಂದಿದ್ದಳು.

"ತಲೆ ಕೆಟ್ಟಿದೆಯಾ ನಿಮಗೆ? ಆ ಪೈಕ್‌ಗೋಸ್ಕರವಾ ಇಷ್ಟು ದಿನ ಕಾಯ್ತಿದ್ದದ್ದು?"

ಪ್ರದ್ಯುಮ್ನ ತಡೆದು ತಡೆದು ಹೇಳಿದ. ಆಟಗಾರರನ್ನು ಆರಿಸಿದ ದಿನ ಉಳಿದ ಎಲ್ಲರನ್ನೂ ಅವಳು ಅಂಕಿಸಂಖ್ಯೆ ನೋಡಿ ತೆಗೆದುಕೊಂಡಿದ್ದಳಂತೆ. ಪೈಕ್‌ನ ಫೋಟೋ ಬಂದಾಗ ಮಾತ್ರ, ಕಿವಿ ನೋಡ್ರೀ, ಎಷ್ಟು ಅಗಲ, ಪಾಪ ಇವನು ಇರಲಿ ಎಂದು ನಕ್ಕಿದ್ದಳಂತೆ. ಅವಳಿಗೆ ಅದು ನೆನಪೇ ಇರಲಿಲ್ಲ.

"ನೀವು ಹಾಗೆ ನಕ್ಕಿದ್ದನ್ನ ನಾನು ನೋಡಿದ್ದು ಅದೇ ಮೊದಲು," ಎಂದ. "ಅವನು ಹೋಗಿಬಿಟ್ಟರೆ ಆ ನಗುವೂ ಹೋದ ಹಾಗೆ ಅನ್ನಿಸ್ತು. ನಾಲ್ಕು ವರ್ಷದಿಂದ ಈ ಊರಲ್ಲಿ ಏನನ್ನೂ ನನಗೆ ಬೇಕು ಅಂತ ಕೇಳಿಲ್ಲ ನಾನು. ಕೇಳಿದರೆ ಸಿಗದೆ ಹೋಗಬಹುದು ಅಂತ ಭಯ. ರಾತ್ರಿ ಮೊದಲ ಸಲ ಕೇಳಿದ್ದು. ಕೇಳಬೇಕಾಗಿದ್ದು ಪೈಕ್‌ನ ಅಲ್ಲ, ನಿಮ್ಮನ್ನ. ಮಂಗಳವಾರ ಇಲ್ಲೇ ನಿಂತಿದ್ದಾಗಲೇ ಹೇಳಬೇಕಿತ್ತು. ನೀವು ಅಂದ್ರೆ ನನಗೆ ತುಂಬ ಇಷ್ಟ."

ಗಾಳಿ ಜೋರಾಗಿತ್ತು. ಧೃತಿ ಕೈಕಟ್ಟಿಕೊಂಡು ನಿಂತಳು.

"ನಾನು ನಿನ್ನೆ ಡ್ರೆಸ್ಡೆನ್‌ಗೆ ಹೂಂ ಅಂದುಬಿಟ್ಟೆ."

ಅವನು ತಲೆಯಾಡಿಸಿದ. ಅವಳು ಕಾಯುತ್ತಿದ್ದ ಮುಖ ಈಗ ಬಂತು, ಅಡಗಿಸಿಟ್ಟುಕೊಳ್ಳಲು ಬಾರದ ಮುಖ.

"ಒಂದು ದಿನ ಕಾಯಬಹುದಿತ್ತು," ಎಂದು ಅವಳೇ ಹೇಳಿದಳು. "ಯಾರಾದರೂ ಬೇಡ ಅನ್ನೋದಕ್ಕೆ ಮೊದಲೇ ನಾನೇ ಎದ್ದು ಹೊರಟುಬಿಡ್ತೀನಿ. ನೀವು ಒಳ್ಳೆ ಅವಕಾಶ ಅಂದಾಗ ಬೇಡ ಅಂದ ಹಾಗೇ ಕೇಳಿಸ್ತು. ನನಗೂ ನೀವು ಬೇಕು. ಬೇಕು ಅಂತ ಇದ್ದದ್ದಕ್ಕೇ ಅಷ್ಟು ಬೇಗ ಓಡಿದ್ದು."

ಅವಳು ಹೋಗುವುದು ಬೇಡವೆಂದು ಪ್ರದ್ಯುಮ್ನ ಆಗಲೂ ಹೇಳಲಿಲ್ಲ. ಆ ಕೆಲಸ ಅವಳಿಗೆ ಹೇಳಿ ಮಾಡಿಸಿದಂತಿದೆ, ಹೋಗಲೇಬೇಕು ಎಂದ. ಆಮೇಲೆ ಫೋನು ತೆಗೆದು ರೈಲಿನ ಆ್ಯಪ್ ತೆರೆದ. ಅವಳು ಹೊಸ ಕೆಲಸಕ್ಕೆ ಸೇರುವುದು ಜುಲೈನಲ್ಲಿ. ಅವನು ಜುಲೈನ ಮೊದಲ ಶನಿವಾರಕ್ಕೆ ಡ್ರೆಸ್ಡೆನ್ ಟಿಕೆಟ್ ಹುಡುಕಿದ. ಫ್ಲೆಕ್ಸ್‌ಪ್ರೈಸನ್ನು ದಾಟಿ ಬೆರಳು ಮೇಲಕ್ಕೆ ಹೋಗಿ, ಸೂಪರ್ ಶ್ಪಾರ್‌ಪ್ರೈಸಿನ ಮೇಲೆ ನಿಂತಿತು. ಅಗ್ಗದ ಟಿಕೆಟ್ಟು, ಅದೇ ದಿನ ಅದೇ ರೈಲು, ರದ್ದು ಮಾಡುವಂತಿಲ್ಲ. ಧೃತಿ ಅವನ ತೋಳಿಗೆ ತೋಳು ತಾಗಿಸಿ ಪರದೆಯನ್ನು ನೋಡುತ್ತಿದ್ದಳು. ಅವನು ಒತ್ತಿದ.

"ಇದು ಕ್ಯಾನ್ಸಲ್ ಆಗಲ್ಲ," ಎಂದ, ತನಗೇ ನಂಬಿಕೆಯಾಗದವನಂತೆ.

"ವಾಪಸ್ ಟಿಕೆಟ್ಟು?"

"ಅದನ್ನ ಇನ್ನೂ ತಗೊಂಡಿಲ್ಲ."

"ಅದು ನಾನು ತಗೋತೀನಿ," ಎಂದಳು ಧೃತಿ. "ಫ್ಲೆಕ್ಸ್‌ಪ್ರೈಸು. ಯಾವ ಟ್ರೇನಿಗೆ ನಿನ್ನ ಹತ್ತಿಸಬೇಕು ಅನ್ನೋದನ್ನ ನೀನು ಬಂದ ಮೇಲೆ ಯೋಚನೆ ಮಾಡ್ತೀನಿ."

ಅವನು ತನ್ನ ಕೋಟು ಬಿಚ್ಚಿ ಅವಳಿಗೆ ಹೊದಿಸಿದ. ಅದರ ತೋಳು ಅವಳ ಬೆರಳುಗಳನ್ನು ದಾಟಿ ಕೆಳಗೆ ಇಳಿಬಿದ್ದಿತ್ತು. ಆಫೀಸಿನ ಬಾಗಿಲಿನವರೆಗೂ ಅವಳು ಅದನ್ನು ಮರಳಿಸಲಿಲ್ಲ.

ಆವತ್ತು ಸಂಜೆ ಇಬ್ಬರೂ ಸೇರಿ ಪೈಕ್‌ನನ್ನು ಆಟಕ್ಕಿಳಿಸಿದರು. ಅವನು ಮತ್ತೆ ಸೊನ್ನೆ ಹೊಡೆದ. ಮಾರನೆಯ ದಿನ ಅವನನ್ನು ಯಾರೂ ಬೆಂಚಿಗೆ ಹಾಕಲಿಲ್ಲ.