ಬಲಗಡೆ ಬಿದ್ದ ಹೂವು

"ಗಾಯ ಆಗಿರೋದು ನನಗೆ... ನಡುಗ್ತಾ ಇರೋದು ನೀವು."

ಹಾಗಂದವನು ದೇವರಾಜ್. ಹೊಸಕೋಟೆ ಬಸ್ ಸ್ಟ್ಯಾಂಡ್ ಹತ್ತಿರದ ಮೆಡಿಕಲ್ ಸ್ಟೋರಿನಲ್ಲಿ, ಕೌಂಟರ್ ಮೇಲೆ ಅಂಗೈ ಚಾಚಿ ನಿಂತಿದ್ದ. ಸಮೇತನಹಳ್ಳಿಯಲ್ಲಿ ಅವನದೊಂದು ನರ್ಸರಿ. ಟೊಮೇಟೊ, ಕ್ಯಾಪ್ಸಿಕಂ ಸಸಿ ಬೆಳೆಸಿ ರೈತರಿಗೆ ಕೊಡುವುದು ಅವನ ಕೆಲಸ. ಆ ದಿನ ಸಸಿಗಳಿಗೆ ನೆರಳು ಕಟ್ಟುವ ಶೇಡ್ ನೆಟ್‌ನ ತಂತಿ ಎಳೆಯುವಾಗ ಅಂಗೈ ಸೀಳಿಕೊಂಡಿತ್ತು.

ಕೌಂಟರಿನ ಈಚೆ ಪದ್ಮಶ್ರೀ. ಔಷಧಿ ಕೊಡುವುದು ಅವಳ ಕೆಲಸವೇ ಹೊರತು ಗಾಯ ಕಟ್ಟುವುದಲ್ಲ. ಆದರೂ ರಕ್ತ ನೋಡಿ ಸುಮ್ಮನಿರಲಾಗದೆ ಬ್ಯಾಂಡೇಜ್ ಸುತ್ತುತ್ತಿದ್ದಳು. ಆಗಲೇ ಅವಳ ಬಲಗೈ ಹೆಬ್ಬೆರಳ ಬುಡದ ಮಾಂಸ ಚರ್ಮದೊಳಗೇ ಪಟಪಟನೆ ಅದುರಿತು.

"ಎಸಿ ಜಾಸ್ತಿ ಇದೆ," ಎಂದಳು.

ಅಂಗಡಿಯಲ್ಲಿ ಎಸಿ ಇರಲಿಲ್ಲ. ಕರೆಂಟ್ ಹೋಗಿ ಫ್ಯಾನ್ ಕೂಡ ನಿಂತಿತ್ತು. ಅವನು ತಲೆ ಎತ್ತಿ ಫ್ಯಾನ್ ನೋಡಿದ, ಅವಳನ್ನು ನೋಡಿದ, ನಕ್ಕ.

ಆ ನಗುವಿಗೇ ಬಿದ್ದುಹೋದಳು ನಮ್ಮ ಹುಡುಗಿ. ಅವನು ಹೋದ ಮೇಲೂ ಹೆಬ್ಬೆರಳು ಅದುರುತ್ತಲೇ ಇತ್ತು. 'ಪ್ರೀತಿ ಅಂದ್ರೆ ಇದೇ ಇರಬೇಕು...' ಅಂದುಕೊಂಡು ಒಬ್ಬಳೇ ನಾಚಿಕೊಂಡಳು.

ಗಾಯ ಒಣಗಿದರೂ ದೇವರಾಜ್ ಬರುವುದು ನಿಲ್ಲಲಿಲ್ಲ. ಇವತ್ತು ತಲೆನೋವಿನ ಮಾತ್ರೆ, ನಾಳೆ ಅಮ್ಮನ ಮಂಡಿಗೆ ಮುಲಾಮು. ಅವನು ಕೊಂಡ ಮಾತ್ರೆ ಎಲ್ಲಾ ನುಂಗಿದ್ದರೆ ಆಸ್ಪತ್ರೆ ಸೇರಬೇಕಿತ್ತು. ಕೊನೆಗೊಂದು ದಿನ ಅವನ ತಾಯಿ ಆದಿಲಕ್ಷ್ಮಮ್ಮ ನೇರವಾಗಿ ಪದ್ಮಶ್ರೀ ಮನೆಗೇ ಬಂದು ಹೆಣ್ಣು ಕೇಳಿದರು. ಜಾತಿ ಒಂದೇ, ಊರು ಪಕ್ಕ. ಬೇಡ ಅನ್ನಲು ಯಾರಿಗೂ ಕಾರಣ ಇರಲಿಲ್ಲ.

ಆದರೆ ಆ ಅದುರುವಿಕೆ ನಿಲ್ಲಲಿಲ್ಲ. ಹೆಬ್ಬೆರಳಿನಿಂದ ಮೀನಖಂಡಕ್ಕೆ ಬಂತು, ಅಲ್ಲಿಂದ ತೋಳಿಗೆ. ನೋವಿಲ್ಲ, ಊತವಿಲ್ಲ. ಸುಮ್ಮನೆ ಮಾಂಸ ಕುಣಿಯುತ್ತದೆ, ನಿಲ್ಲುತ್ತದೆ, ಮತ್ತೆ ಕುಣಿಯುತ್ತದೆ.

ಅವಳನ್ನು ಹೆದರಿಸಿದ್ದು ಲಕ್ಷ್ಮೀದೇವಮ್ಮನ ಮಾತು. ಗಂಡನ ಮಾತ್ರೆಗಾಗಿ ಪ್ರತಿ ತಿಂಗಳೂ ಅಂಗಡಿಗೆ ಬರುವ ಹೆಂಗಸು. ಗಂಡ ವೆಂಕಟರಮಣಪ್ಪನಿಗೆ ನರಗಳು ಸೊರಗಿ ಮಾಂಸ ಕರಗುವ ಕಾಯಿಲೆ. ವಾಸಿಯಾಗುವುದಲ್ಲ. ಆ ಮಾತ್ರೆಯಿಂದ ಸ್ವಲ್ಪ ನಿಧಾನವಾಗುತ್ತದೆ, ಅಷ್ಟೇ.

"ಮೊದಮೊದಲು ಏನೂ ಇರ್ಲಿಲ್ಲ ಕಣಮ್ಮ," ಅಂದಿದ್ದಳು ಆಕೆ. "ಕೈಯಲ್ಲಿ ಮಾಂಸ ಕುಣಿದಂಗಾಗುತ್ತೆ ಅಂತಿದ್ರು. ಆಮೇಲೆ ಲೋಟ ಹಿಡಿಯೋಕೆ ಆಗ್ಲಿಲ್ಲ. ಈಗ ಮಾತೂ ನಿಂತೋಯ್ತು."

ಪದ್ಮಶ್ರೀ ತನ್ನ ಬಲಗೈಯನ್ನು ಕೌಂಟರಿನ ಕೆಳಗೆ ಬಚ್ಚಿಟ್ಟಳು.

ಅಂದಿನಿಂದ ಮೊಬೈಲಿನಲ್ಲಿ ಹುಡುಕಿದ್ದೇ ಹುಡುಕಿದ್ದು. ಓದಿದಷ್ಟೂ ಭಯ, ಭಯವಾದಷ್ಟೂ ಓದು. ಬಾಟಲಿ ಮುಚ್ಚಳ ಬಿಗಿ ಮಾಡಿ ಬಿಚ್ಚಿ ನೋಡುವಳು. ಹಿಮ್ಮಡಿ ಮೇಲೆ ನಡೆದು ನೋಡುವಳು. ಕನ್ನಡಿ ಮುಂದೆ ನಾಲಿಗೆ ಚಾಚಿ ಅದೂ ಅದುರುತ್ತಿದೆಯಾ ಅಂತ ನೋಡುವಳು. ಡಾಕ್ಟರ ಹತ್ತಿರ ಮಾತ್ರ ಹೋಗಲಿಲ್ಲ. ಅವರು 'ಹೌದು' ಅಂದುಬಿಟ್ಟರೆ? ಮನೆಯಲ್ಲೂ ಬಾಯಿ ಬಿಡಲಿಲ್ಲ.

ಅಷ್ಟರಲ್ಲಿ ಹೂ ಕೇಳುವ ದಿನ ಬಂತು. ಅವರ ಕಡೆ ಮದುವೆ ಮಾತು ಗಟ್ಟಿಯಾಗುವ ಮುಂಚೆ ಮುತ್ಯಾಲಮ್ಮನ ಗುಡಿಗೆ ಹೋಗಬೇಕು. ಪೂಜಾರಿ ದೇವಿಯ ವಿಗ್ರಹದ ಎರಡೂ ಭುಜಕ್ಕೆ ಒದ್ದೆ ಹೂ ಅಂಟಿಸುತ್ತಾನೆ. ಎಲ್ಲರೂ ಮನಸ್ಸಿನಲ್ಲೇ ಕೇಳಿಕೊಳ್ಳುತ್ತಾರೆ. ಬಲಗಡೆ ಹೂ ಬಿದ್ದರೆ ಹೌದು, ಎಡಗಡೆ ಬಿದ್ದರೆ ಇಲ್ಲ.

ಎಲ್ಲರೂ ಮದುವೆಯನ್ನೇ ಕೇಳಿಕೊಂಡರು. ಪದ್ಮಶ್ರೀ ಕಣ್ಣು ಮುಚ್ಚಿ ಬೇರೆಯದನ್ನೇ ಕೇಳಿದಳು.

'ಅಮ್ಮಾ... ನನಗೆ ಆ ಕಾಯಿಲೆ ಇದ್ಯಾ? ಇದ್ರೆ ಬಲಗಡೆ ಕೊಡು.'

ಎಂಥ ಹುಚ್ಚು ಹುಡುಗಿ ನೋಡಿ. ಡಾಕ್ಟರನ್ನು ಕೇಳಬೇಕಾದ್ದನ್ನು ದೇವಿಯ ಮುಂದಿಟ್ಟಳು. ಅದೂ ಮದುವೆಗೆ ಕೇಳುವ ಹೊತ್ತಿನಲ್ಲಿ!

ಬಲಗಡೆ ಹೂ ಬಿತ್ತು.

ಅಪ್ಪ ಮುನಿವೆಂಕಟಪ್ಪ ಟವೆಲಿನಿಂದ ಕಣ್ಣೊರೆಸಿಕೊಂಡರು. ಆದಿಲಕ್ಷ್ಮಮ್ಮ ಆ ಹೂವನ್ನೇ ತಂದು ಪದ್ಮಶ್ರೀಗೆ ಮುಡಿಸಿದರು. ದೇವರಾಜ್ ಕಂಬಕ್ಕೆ ಒರಗಿ ಅವಳನ್ನೇ ನೋಡುತ್ತಿದ್ದ. ಅವಳ ಪಾಲಿಗೆ ಮಾತ್ರ ಆ ಹೂವು ಕಾಯಿಲೆ ಇದೆ ಅನ್ನುವ ಉತ್ತರವಾಗಿತ್ತು.

ಮಾರನೆಯ ದಿನ ಮದುವೆ ಬೇಡ ಎಂದುಬಿಟ್ಟಳು. ಅಪ್ಪ ಬೈದರು, ಅತ್ತರು, ಆಮೇಲೆ ಮಾತು ಬಿಟ್ಟರು. ದೇವರಾಜ್ ಸೀದಾ ಅಂಗಡಿಗೆ ಬಂದ.

"ಮುತ್ಯಾಲಮ್ಮನೇ ಹೂ ಕೊಟ್ಟವ್ಳೆ. ನೀವು ಒಪ್ಪಲ್ವಾ?"

"ಇಲ್ಲ."

"ಯಾಕೆ ಅಂತ ಹೇಳ್ಬಿಡಿ, ಹೋಗ್ತೀನಿ."

'ಯಾಕಂದ್ರೆ ನಾಳೆ ನೀವು ನನಗೆ ತುತ್ತು ತಿನ್ನಿಸಬೇಕಾಗುತ್ತೆ. ಎತ್ತಿ ಮಲಗಿಸಬೇಕಾಗುತ್ತೆ. ನಿಮ್ಮ ಬದುಕು ನನ್ನ ಹಾಸಿಗೆ ಪಕ್ಕದಲ್ಲೇ ಮುಗಿದುಹೋಗುತ್ತೆ...'

"ನೀವು ನಂಗೆ ಇಷ್ಟ ಇಲ್ಲ," ಎಂದಳು.

ಅವನು ಹೋದ. ತಿರುಗಿ ನೋಡಲಿಲ್ಲ.

ಆಮೇಲೆ ಶುರುವಾಯಿತು ಅವಳ ಸಂಕಟ. ಸಸಿ ಟ್ರೇಗಳನ್ನು ಹೊತ್ತ ಅವನ ಟೆಂಪೋ ದಿನಾ ಅಂಗಡಿ ಮುಂದೆಯೇ ಹಾದುಹೋಗುತ್ತಿತ್ತು. ಹಾರ್ನ್ ಕೇಳಿದರೆ ಸಾಕು, ಕೈಯಲ್ಲಿದ್ದ ಚೀಟಿಯ ಅಕ್ಷರ ಕಾಣುತ್ತಿರಲಿಲ್ಲ. ಗಾಜಿನ ಬಾಗಿಲ ಆಚೆ ಅವನ ಮೊಣಕೈ ಕಾಣುತ್ತಿತ್ತು, ಅಷ್ಟೇ. ಮುಖ ಈ ಕಡೆ ತಿರುಗುತ್ತಿರಲಿಲ್ಲ. ತಿರುಗದಿರಲಿ ಅಂತಲೇ ಅವಳು ಸುಳ್ಳು ಹೇಳಿದ್ದು, ಆದರೂ ತಿರುಗಲಿ ಅಂತ ಕಾಯುತ್ತಿದ್ದಳು. ಒಂದು ದಿನ ಅವನು ಎದುರಿನ ಅಂಗಡಿಯಲ್ಲಿ ತಲೆನೋವಿನ ಮಾತ್ರೆ ಕೊಂಡ. ಪದ್ಮಶ್ರೀ ಸ್ಟಾಕ್ ರೂಮಿಗೆ ಹೋಗಿ, ರಟ್ಟಿನ ಡಬ್ಬಗಳ ನಡುವೆ ಕೂತು ಅತ್ತಳು.

ಮತ್ತೆ ಲಕ್ಷ್ಮೀದೇವಮ್ಮ ಬಂದಳು. ಮಾತ್ರೆ ಕಟ್ಟಿಕೊಡುತ್ತಾ ಪದ್ಮಶ್ರೀ ತಡೆಯಲಾರದೆ ಕೇಳಿದಳು, ಹೀಗಾಗುತ್ತೆ ಅಂತ ಮೊದಲೇ ಗೊತ್ತಿದ್ದಿದ್ದರೆ ಮದುವೆ ಆಗ್ತಾ ಇದ್ರಾ ಅಂತ.

ಆಕೆಗೆ ಸಿಟ್ಟೇ ಬಂತು. "ಇದೆಂಥ ಮಾತು ಕೇಳ್ತೀಯಮ್ಮ? ಗೊತ್ತಿದ್ದಿದ್ರೆ, ಅವ್ರಿಗೆ ಬಾಯಿದ್ದಾಗ ಇನ್ನೊಂದಷ್ಟು ಮಾತಾಡಿಸ್ಕೊಂಡಿರ್ತಿದ್ದೆ. ನಂಗೆ ಹೇಳ್ದೆ ಅವ್ರು ದೂರ ಹೋಗಿದ್ರೆ ಮಾತ್ರ ಸಾಯೋವರ್ಗೂ ಕ್ಷಮಿಸ್ತಿರ್ಲಿಲ್ಲ."

ಆಕೆ ಬಸ್ ಹತ್ತುವ ಮೊದಲೇ ಪದ್ಮಶ್ರೀ ದೇವರಾಜ್‌ಗೆ ಫೋನ್ ಮಾಡಿದ್ದಳು. "ನಾನು ಆಸ್ಪತ್ರೆಗೆ ಹೋಗ್ಬೇಕು. ಒಬ್ಳೇ ಹೋಗೋಕೆ ಭಯ ಆಗ್ತಿದೆ."

ಅವನು ಒಂದೇ ಮಾತು ಕೇಳಿದ. "ಎಲ್ಲಿಗೆ ಬರ್ಲಿ?"

ಬೆಂಗಳೂರಿನ ನರರೋಗದ ಆಸ್ಪತ್ರೆಯ ಬೆಂಚಿನ ಮೇಲೆ, ಸರದಿಗೆ ಕಾಯುತ್ತಾ, ಅವಳು ಎಲ್ಲವನ್ನೂ ಹೇಳಿದಳು. ಹೆಬ್ಬೆರಳು, ವೆಂಕಟರಮಣಪ್ಪ, ಗುಡಿಯಲ್ಲಿ ಕೇಳಿದ ಪ್ರಶ್ನೆ. ಇಷ್ಟ ಇಲ್ಲ ಅಂದಿದ್ದು ಸುಳ್ಳು ಅಂತಲೂ ಹೇಳಿದಳು.

ದೇವರಾಜ್ ಬೆಂಚಿನ ಮೇಲೆ ಪೂರ್ತಿ ಅವಳ ಕಡೆ ತಿರುಗಿ ಕೂತ.

"ನಿಮ್ಮಪ್ಪ, ನಮ್ಮಮ್ಮ, ನಾನು... ಎಲ್ರೂ ಒಂದೇ ಕೇಳ್ತಾ ಇದ್ವಿ. ನೀನೊಬ್ಳು ಮಧ್ಯ ನುಗ್ಗಿ ಬೇರೆ ಏನೋ ಕೇಳ್ದೆ. ಮುತ್ಯಾಲಮ್ಮ ನಮ್ಮನ್ನೆಲ್ಲ ಬಿಟ್ಟು ನಿಂಗೆ ಉತ್ರ ಕೊಟ್ಳು ಅಂತ ಹೆಂಗೆ ಅಂದ್ಕೊಂಡೆ?"

ಅಳುವಿನ ನಡುವೆಯೇ ಅವಳಿಗೆ ನಗು ಬಂತು. 'ನೀವು' ಹೋಗಿ 'ನೀನು' ಆದದ್ದನ್ನೂ ಗಮನಿಸಿದಳು.

"ಆದ್ರೆ... ನಿಜವಾಗ್ಲೂ ಇದ್ರೆ?"

ಅವನು ಯೋಚಿಸಲೂ ಇಲ್ಲ. "ಇಲ್ಲ ಅಂದ್ರೆ ಮುಂದಿನ ವರ್ಷ ನಿಧಾನಕ್ಕೆ ಮದ್ವೆ ಆಗೋಣ. ಇದೆ ಅಂದ್ರೆ ಈ ತಿಂಗಳೇ. ತಡ ಮಾಡೋಕೆ ಟೈಮ್ ಇರಲ್ವಲ್ಲ."

ಅಷ್ಟರಲ್ಲಿ ಒಳಗಿನಿಂದ ಅವಳ ಹೆಸರು ಕೂಗಿದರು.

ಡಾಕ್ಟರು ನರೆಗೂದಲಿನ, ನಿಧಾನಸ್ಥ ಹೆಂಗಸು. ಕೈ ಒತ್ತಿಸಿದರು, ಕಾಲು ಎತ್ತಿಸಿದರು, ಹೆಬ್ಬೆರಳ ಬುಡಕ್ಕೂ ಮೀನಖಂಡಕ್ಕೂ ಸೂಜಿ ಚುಚ್ಚಿ ಯಂತ್ರದಲ್ಲಿ ನೋಡಿದರು. ಪರೀಕ್ಷೆ ಎಲ್ಲಾ ಮುಗಿದ ಮೇಲೆ ಕನ್ನಡಕ ತೆಗೆದಿಟ್ಟು ಹೇಳಿದರು: ಶಕ್ತಿ ಪೂರ್ತಿ ಇದೆ, ನರಗಳು ಚೆನ್ನಾಗಿವೆ, ನೀವು ಹೆದರಿದ ಕಾಯಿಲೆಯ ಗುರುತು ಎಲ್ಲೂ ಇಲ್ಲ. ಕೆಲವರಿಗೆ ಮಾಂಸ ಹೀಗೆ ಅದುರುತ್ತದೆ, ನಿದ್ದೆಗೆಟ್ಟು ಚಿಂತೆ ಮಾಡಿದರೆ ಜಾಸ್ತಿಯಾಗುತ್ತದೆ. ಈ ಅದುರುವಿಕೆ ಬೇಗ ಹೋಗದೆಯೂ ಇರಬಹುದು. ಹಿಡಿತ ಕಡಿಮೆಯಾದರೆ ಮಾತ್ರ ತಕ್ಷಣ ಬನ್ನಿ.

ಪದ್ಮಶ್ರೀ ಹೊರಗೆ ಬಂದಳು. ದೇವರಾಜ್ ಎದ್ದು ನಿಂತ.

"ಇಲ್ವಂತೆ," ಎಂದಳು ಅವಳು.

ಅಷ್ಟು ಧೈರ್ಯವಾಗಿ ಮಾತಾಡಿದ್ದ ಗಂಡಸು ಕುಸಿದು ಬೆಂಚಿನ ಮೇಲೆ ಕೂತ. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತ. ಅಕ್ಕಪಕ್ಕದವರು ನೋಡಿದರೂ ಅವನಿಗೆ ಪರಿವೆ ಇರಲಿಲ್ಲ. ತನಗಿಂತ ಹೆಚ್ಚು ಹೆದರಿದ್ದವನು ಇವನು ಅಂತ ಪದ್ಮಶ್ರೀಗೆ ಆಗ ಅರ್ಥವಾಯಿತು. ಅವನ ಪಕ್ಕ, ತೋಳಿಗೆ ತೋಳು ತಾಗುವಷ್ಟು ಹತ್ತಿರ ಕೂತಳು.

ಅವನು ಕಣ್ಣೊರೆಸಿಕೊಂಡು ಗಂಟಲು ಸರಿ ಮಾಡಿಕೊಂಡ. "ಸರಿ ಹಾಗಾದ್ರೆ... ಮುಂದಿನ ವರ್ಷ. ನಿಧಾನಕ್ಕೆ."

"ಬೇಡ ರೀ. ಈ ತಿಂಗಳೇ."

"ಕಾಯಿಲೆ ಇಲ್ವಲ್ಲ?"

"ಇಲ್ಲ. ಆದ್ರೆ ನಿಮ್ಮನ್ನ ಗಾಜಿನ ಆಚೆಯಿಂದ ನೋಡಿದ್ದು ಸಾಕಾಯ್ತು."

ಅವನು ಅವಳ ಮುಖವನ್ನೇ ನೋಡಿದ. ಆಮೇಲೆ ಜೇಬಿನಿಂದ ಫೋನ್ ತೆಗೆದ. "ನಿಮ್ಮಪ್ಪಂಗೆ ನಾನು ಹೇಳ್ಲಾ?"

ಪದ್ಮಶ್ರೀ ಫೋನ್ ಇಸಿದುಕೊಂಡಳು.

"ಬೇಡ ಅಂದಿದ್ದು ನಾನು ತಾನೇ... ಬೇಕು ಅಂತ ನಾನೇ ಹೇಳ್ತೀನಿ."