ಬಟಾಣಿ ಕೋಣೆಯ ಗಂಟೆ

ಯಶವಂತಪುರ ಮಾರುಕಟ್ಟೆಯ ಹಿಂದಿನ ಕೋಲ್ಡ್ ಸ್ಟೋರೇಜಿನಲ್ಲಿ ಬೆಳಿಗ್ಗೆ ಬಟಾಣಿ ಕೋಣೆಯ ಬಾಗಿಲು ಎಳೆದಾಗ, ಹಮಾಲಿ ಮಣಿಕಂಠ ಹೊಸ್ತಿಲಲ್ಲೇ ಬಿದ್ದಿದ್ದ. ಮೈ ಕಲ್ಲಾಗಿತ್ತು. ಹಿಂದಿನ ಸಂಜೆ ಮೂಟೆ ಜೋಡಿಸಲು ಅವನು ಒಳಗೆ ಹೋಗಿದ್ದನ್ನು ಯಾರೂ ನೋಡಿರಲಿಲ್ಲ. ಕೋಣೆ ಖಾಲಿ ಎಂದುಕೊಂಡು ಜೊತೆಯವರು ಹೊರಗಿನಿಂದ ಬಾಗಿಲು ಹಾಕಿ, ದೀಪ ಆರಿಸಿ ಹೋಗಿದ್ದರು. ಒಳಗಿನ ಹಿಡಿಗೆ ಹಿಮ ಕಟ್ಟಿ ಬಿಗಿದಿತ್ತು.

ಹಾಗೆ ಸಿಕ್ಕಿಬಿದ್ದವರಿಗೆಂದೇ ಒಳಗೋಡೆಯಲ್ಲಿ ಒಂದು ಕೆಂಪು ಗುಂಡಿ ಇದೆ. ಒತ್ತಿದರೆ ಪಕ್ಕದ ಮೆಷಿನ್ ರೂಮಿನಲ್ಲಿ ಗಂಟೆ ಹೊಡೆಯಬೇಕು. ಆ ರಾತ್ರಿ ಅಲ್ಲಿ ಡ್ಯೂಟಿಯಲ್ಲಿದ್ದವನು ಆಪರೇಟರ್ ಅಕ್ಬರ್ ಪಾಷಾ. ಗಂಟೆ ಹೊಡೆಯಲೇ ಇಲ್ಲ ಎಂದ. ಯಾರು ನಂಬುತ್ತಾರೆ? ಮಧ್ಯಾಹ್ನದೊಳಗೆ ಅವನನ್ನು ಠಾಣೆಗೆ ತಂದು ಕೂರಿಸಿದ್ದರು.

"ಕಿರಿಕಿರಿ ಅಂತ ಗಂಟೆ ಆಫ್ ಮಾಡಿ ಮಲ್ಗಿದಾನೆ ಕಣ್ರೀ," ಎಂದರು ಇನ್‌ಸ್ಪೆಕ್ಟರ್ ಚಿಕ್ಕಮಾರಯ್ಯ. "ನಾಳೆ ಕೋರ್ಟಿಗೆ ಹಾಜರುಪಡಿಸ್ಬೇಕು. ಅಷ್ಟರಲ್ಲಿ ನೀವೊಂದ್ಸಲ ನೋಡಿ. ಗಂಟೆ ಸಾಫ್ಟ್‌ವೇರು ನಿಮ್ ಹಳೇ ಕಂಪ್ನೀದು."

ಧನಲಕ್ಷ್ಮಿ ಆ ಕಂಪನಿಯಲ್ಲಿ ವರ್ಷಗಟ್ಟಲೆ ಕೋಡ್ ಬರೆದವಳು. ತಾನಾಗಿ ಕೋಡ್ ಬರೆಯುವ ಎಐ ಏಜೆಂಟ್‌ಗಳು ಬಂದ ಮೇಲೆ ಮನುಷ್ಯರು ಹೆಚ್ಚಾದರು ಎಂದು ಕಂಪನಿ ಅವಳನ್ನೂ ಟೀಮಿನ ಹೆಚ್ಚುಕಡಿಮೆ ಎಲ್ಲರನ್ನೂ ಮನೆಗೆ ಕಳಿಸಿತ್ತು. ಈಗ ಯಲಹಂಕದಲ್ಲಿ ಟ್ಯೂಷನ್ ಹೇಳುತ್ತಾಳೆ. ಹಿಂದೊಮ್ಮೆ ಒಂದು ಆನ್‌ಲೈನ್ ಮೋಸದ ಕೇಸನ್ನು ಬಿಡಿಸಿಕೊಟ್ಟಿದ್ದಳು. ಅಂದಿನಿಂದ ಚಿಕ್ಕಮಾರಯ್ಯನವರಿಗೆ ಅವಳೆಂದರೆ ನಂಬಿಕೆ.

ಅಕ್ಬರ್ ಪಾಷಾ ಅವಳನ್ನು ಕಂಡು ಎದ್ದು ನಿಂತ. "ನಾನ್ ಎಚ್ಚರಾನೇ ಇದ್ದೆ ಮೇಡಂ, ಅಲ್ಲಾ ಕಸಂ. ಗಂಟೆ ಬಂದಿದ್ರೆ ಓಡೋಗ್ತಿರ್ಲಿಲ್ವಾ? ಮಣಿ ನಂಗೆ ತಮ್ಮ ಇದ್ದಂಗೆ."

ಹೊರಗಿನ ಬೆಂಚಿನ ಮೇಲೆ ಅವನ ಹೆಂಡತಿ ಫಖ್ರುನ್ನೀಸಾ ಕೂತಿದ್ದಳು. ಅಳು ಮುಗಿದಿತ್ತು.

*

ಬಟಾಣಿ ಕೋಣೆಯಲ್ಲಿ ಧನಲಕ್ಷ್ಮಿ ಮೊದಲು ನೋಡಿದ್ದು ಗುಂಡಿಯನ್ನು. ಅದರ ಪ್ಲಾಸ್ಟಿಕ್ ಒಡೆದಿತ್ತು. ಅಂಚಿಗೆ ರಕ್ತ ಅಂಟಿತ್ತು.

"ಮಣಿಕಂಠನ ಬೆರಳು?"

"ತುದಿಯೆಲ್ಲ ಸುಲಿದೋಗಿದೆ," ಎಂದರು ಚಿಕ್ಕಮಾರಯ್ಯ.

ಮೆಷಿನ್ ರೂಮಿಗೆ ಹೋದಳು. ಗಂಟೆಯ ಸ್ವಿಚ್ಚಿನ ಡಬ್ಬಿಗೆ ಹಾಕಿದ ಸೀಲು ಹಾಗೇ ಇತ್ತು. ಅದರ ಮೇಲಿನ ಧೂಳೂ ಕದಡಿರಲಿಲ್ಲ. ತಂತಿ ಎಲ್ಲೂ ತುಂಡಾಗಿರಲಿಲ್ಲ.

"ಸತ್ತವನು ಗುಂಡಿ ಒತ್ತಿದಾನೆ ಸರ್. ಪಾಷಾ ಸ್ವಿಚ್ ಮುಟ್ಟಿಲ್ಲ. ಇಬ್ರದ್ದೂ ಸುಳ್ಳಲ್ಲ."

"ಮತ್ತೆ ಗಂಟೆ ಎಲ್ಲಿ ಹೋಯ್ತು?"

"ಮಧ್ಯದಲ್ಲಿರೋ ಸಾಫ್ಟ್‌ವೇರು ನುಂಗಿದೆ."

*

ಹೆಬ್ಬಾಳದ ಆಫೀಸಿನಲ್ಲಿ ಕುರ್ಚಿಗಳೆಲ್ಲ ಇದ್ದವು, ಜನರಿರಲಿಲ್ಲ. ಮ್ಯಾನೇಜರ್ ಜಗನ್ ಪೊಲೀಸ್ ನೋಟಿಸನ್ನು ಎರಡು ಸಲ ಓದಿ, ಲ್ಯಾಪ್‌ಟಾಪನ್ನು ಅವಳ ಕಡೆ ತಿರುಗಿಸಿದ.

ಆ ರಾತ್ರಿ ಗುಂಡಿ ಒತ್ತಿದ್ದೆಲ್ಲ ದಾಖಲಾಗಿತ್ತು. ಪ್ರತಿಯೊಂದರ ಮುಂದೆಯೂ ಒಂದೇ ಮಾತು: ಸುಳ್ಳು ಕರೆ, ಗಮನಿಸಬೇಕಿಲ್ಲ.

ಧನಲಕ್ಷ್ಮಿ ಕೋಡಿನಲ್ಲಾದ ಬದಲಾವಣೆಯ ಜಾಡು ಹಿಡಿದಳು. ಮೂಟೆ ತಗುಲಿ ಗಂಟೆ ಸುಮ್ಮಸುಮ್ಮನೆ ಹೊಡೆಯುತ್ತದೆ ಎಂದು ವರ್ತಕರು ದೂರಿದ್ದರು. ಸುಳ್ಳು ಗಂಟೆ ನಿಲ್ಲಿಸು ಎಂದು ಏಜೆಂಟ್‌ಗೆ ಹೇಳಲಾಗಿತ್ತು. ಅದು ತನ್ನ ಬುದ್ಧಿಗೆ ತೋಚಿದ್ದನ್ನು ಮಾಡಿತ್ತು: ಬಾಗಿಲು ಮುಚ್ಚಿ ದೀಪ ಆರಿದ್ದರೆ ಒಳಗೆ ಯಾರೂ ಇಲ್ಲ, ಆಗ ಗುಂಡಿ ಒತ್ತಿದರೂ ಗಂಟೆ ಹೊಡೆಯಬೇಕಿಲ್ಲ.

ಏಜೆಂಟ್ ಬರೆದದ್ದನ್ನು ಓದಿ ಒಪ್ಪಿಗೆ ಕೊಟ್ಟವರ ಹೆಸರು ಕೆಳಗಿತ್ತು: ಸಂಗಮೇಶ. ಪರಿಶೀಲನೆಯ ಮಾತುಕತೆಯೂ ಇತ್ತು.

"ಹೊರಗಿನವರು ದೀಪ ಆರಿಸಿದರೆ ಒಳಗಿನವನ ಗತಿ ಏನು?" ಎಂದು ಸಂಗಮೇಶ ಕೇಳಿದ್ದರು. "ಎಲ್ಲರೂ ಹೊರಬಂದ ಮೇಲೆಯೇ ದೀಪ ಆರಿಸುವುದು ನಿಯಮ. ಆದ್ದರಿಂದ ಅಪಾಯವಿಲ್ಲ" ಎಂದು ಏಜೆಂಟ್ ಉತ್ತರಿಸಿತ್ತು. "ಸರಿ, ಒಪ್ಪಿದೆ" ಎಂದಿತ್ತು ಮುಂದಿನ ಸಾಲು.

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದ ಹಾಗೆ! ಸಂಗಮೇಶ ಸರ್ ಹೀಗೆ ಒಪ್ಪುವುದೆ? ಧನಲಕ್ಷ್ಮಿಗೆ ಕೋಡ್ ಕಲಿಸಿದ್ದೇ ಅವರು. ಕೆಲಸಕ್ಕೆ ಸೇರಿದವರನ್ನು ಮೊದಲು ಅದೇ ಬಟಾಣಿ ಕೋಣೆಗೆ ಕರೆದೊಯ್ದು, ಒಳಗೆ ಬಿಟ್ಟು, ಬಾಗಿಲು ಹಾಕಿ ದೀಪ ಆರಿಸುತ್ತಿದ್ದರು. ಆ ಕತ್ತಲಲ್ಲಿ ಗುಂಡಿಗಾಗಿ ಗೋಡೆ ತಡಕಿದವರು ಆಮೇಲೆ ಗಂಟೆಯ ಕೋಡಿಗೆ ಹುಡುಗಾಟದಿಂದ ಕೈ ಹಾಕುತ್ತಿರಲಿಲ್ಲ. ಅವಳು ಒಳಗೆ ಅತ್ತೇಬಿಟ್ಟಿದ್ದಳು.

"ಅವರ ಹೆಸ್ರಲ್ಲಿ ನೀವೇ ಒಪ್ಪಿಗೆ ಒತ್ತಿದ್ರಾ ಜಗನ್?"

"ನಾನ್ಯಾಕೆ ಒತ್ಲಿ? ನಾನು ಆ ಕೋಲ್ಡ್ ಸ್ಟೋರೇಜ್ ಒಳಗೆ ಕಾಲೇ ಇಟ್ಟಿಲ್ಲ. ಆ ಒಪ್ಪಿಗೆ ಬಂದ ದಿನ ಸಂಗಮೇಶ್ ಸರ್‌ಗೆ ಕಣ್ಣಿನ ಆಪರೇಷನ್ ಇತ್ತು. ಆದ್ರೂ ಕೆಲಸ ನಿಲ್ಲಿಸ್ಲಿಲ್ಲ ನೋಡಿ, ಗ್ರೇಟ್ ಮನುಷ್ಯ."

ಧನಲಕ್ಷ್ಮಿ ಲ್ಯಾಪ್‌ಟಾಪ್ ಮುಚ್ಚಿದಳು. ಅವಳಿಗೆ ಅರ್ಥವಾಗಿತ್ತು. ಅರ್ಥವಾಗದೇ ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು.

*

ಅಲ್ಲಾಳಸಂದ್ರದ ಮನೆಯಲ್ಲಿ ಸಂಗಮೇಶ ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದರು. ಪಕ್ಕದಲ್ಲಿ ಕಣ್ಣಿನ ಹನಿಯ ಬಾಟಲಿ.

"ಧನು! ಬಾಮ್ಮ," ಎಂದರು. ಅವಳ ಹಿಂದೆ ಚಿಕ್ಕಮಾರಯ್ಯನವರ ಖಾಕಿ ಕಂಡು ನೆಟ್ಟಗೆ ಕೂತರು.

"ಆ ಬದಲಾವಣೆ ಓದಿ ಒಪ್ಪಿಗೆ ಕೊಟ್ಟಿದ್ದು ನೀವೇನಾ ಸರ್?"

"ಹೌದು, ನಾನೇ ಓದ್ದೆ."

"ಒಂದು ಕಣ್ಣಿಗೆ ಅವತ್ತು ಪಟ್ಟಿ. ಇನ್ನೊಂದು ಕಣ್ಣಿಗೆ ನಾನಿದ್ದಾಗ್ಲೇ ಪೊರೆ ಬಂದಿತ್ತು. ಹೇಗೆ ಓದಿದ್ರಿ?"

ಸಂಗಮೇಶ ಹನಿಯ ಬಾಟಲಿಗಾಗಿ ಕೈಯಾಡಿಸಿದರು. ಅವಳೇ ಚಿಕ್ಕಮಾರಯ್ಯನವರಿಗೆ ವಿವರಿಸಿದಳು. "ದೀಪದ ಪ್ರಶ್ನೆ ಜಗನ್‌ಗೆ ಹೊಳೆಯೋದಲ್ಲ ಸರ್, ಅವ್ನು ಆ ಕತ್ಲಲ್ಲಿ ನಿಂತಿಲ್ಲ. ಅದು ಇವರದೇ ಪ್ರಶ್ನೆ. ಆದ್ರೆ ಇವರು ಕೂತು ಓದಿದ್ರೆ ಆ ಉತ್ತರ ಒಪ್ತಿರ್ಲಿಲ್ಲ, ಬಯ್ದು ವಾಪಸ್ ಕಳಿಸ್ತಿದ್ರು. ಅಂದ್ರೆ ಪ್ರಶ್ನೆ ಕೇಳೋದನ್ನ ಇವರು ಇನ್ನೊಂದು ಏಜೆಂಟ್‌ಗೆ ಕಲಿಸಿದಾರೆ. ಬರೆದದ್ದೂ ಏಜೆಂಟೇ, ಪರೀಕ್ಷೆ ಮಾಡಿದ್ದೂ ಏಜೆಂಟೇ. ಮಧ್ಯೆ ಮನುಷ್ಯರ್ಯಾರೂ ಇರ್ಲಿಲ್ಲ."

ಸಂಗಮೇಶ ಕನ್ನಡಕ ತೆಗೆದರು. ಕಣ್ಣು ಕೆಂಪಗಿತ್ತು.

"ನಿಮ್ಮನ್ನೆಲ್ಲ ಕಳಿಸಿದ್ಮೇಲೆ ಹಾಳೂರಿಗೆ ಉಳಿದವನೇ ಗೌಡ ಅಂತ ನಾನೊಬ್ನೇ ಉಳಿದೆ ಧನು. ಬರೆಯೋ ಕೆಲಸ ಇಲ್ಲ, ಬರೀ ಓದೋದು. ಓದಿದಷ್ಟೂ ಬರ್ತಿತ್ತು. ಕೊನೆಗೆ ನನ್ನ ಹಳೇ ಪ್ರಶ್ನೆಗಳನ್ನೆಲ್ಲ ಕೊಟ್ಟು ಒಂದು ಏಜೆಂಟ್‌ಗೆ ಕಲಿಸ್ದೆ. ನನ್ನ ಥರಾನೇ ಕೇಳೋದು. ಖುಷಿಯಾಗ್ತಿತ್ತು ನೋಡೋಕೆ."

"ಉತ್ತರ ಯಾರು ನೋಡ್ತಿದ್ರು?"

"ಮೊದಮೊದ್ಲು ನಾನೇ ನೋಡ್ತಿದ್ದೆ." ಅವರು ತಲೆ ತಗ್ಗಿಸಿದರು. "ಆಮೇಲೆ ಬಿಟ್ಟೆ."

"ಜಗನ್‌ಗೆ ಗೊತ್ತಿತ್ತಾ?"

"ಆಪರೇಷನ್ ಇದೆ, ಒಂದು ವಾರ ನಿಲ್ಸಿ ಅಂದೆ. ನಿಲ್ಸೋಕಾಗಲ್ಲ, ಏನೋ ವ್ಯವಸ್ಥೆ ಮಾಡ್ಕೊಳಿ ಸರ್ ಅಂದ."

"ಬರವಣಿಗೇಲಿ ಇದೆಯಾ?" ಕೇಳಿದರು ಚಿಕ್ಕಮಾರಯ್ಯ.

"ಇಲ್ಲ."

"ಹಾಗಾದ್ರೆ ನೀವೇ ಬರ್ಬೇಕಾಗುತ್ತೆ, ಹೊರಡಿ."

ಮೆಟ್ಟಿಲು ಸರಿಯಾಗಿ ಕಾಣದೆ ಸಂಗಮೇಶ ಕೈ ಚಾಚಿದರು. ಧನಲಕ್ಷ್ಮಿ ಆ ಕೈ ಹಿಡಿದು ಜೀಪಿನವರೆಗೆ ನಡೆಸಿದಳು. ಒಬ್ಬ ನಿರಪರಾಧಿಯನ್ನು ಬಿಡಿಸಲು ಹೋಗಿ ಗುರುವನ್ನು ಒಳಗೆ ಹಾಕಿಸಿದ್ದಳು. ಅವಳಿಗೆ ಜೋರಾಗಿ ಅತ್ತುಬಿಡಬೇಕು ಅನ್ನಿಸಿತು.

ದಾರಿಯಲ್ಲಿ ಜಗನ್ ಫೋನ್ ಮಾಡಿದ. "ಮನುಷ್ಯರೇ ಓದ್ಬೇಕು ಅಂತ ನಮ್ಮ ರೂಲ್ಸಲ್ಲೇ ಇದೆ ಮೇಡಂ, ಕಂಪ್ನಿ ಸೇಫ್. ತಪ್ಪು ಸರಿಮಾಡಿರೋ ಕೋಡನ್ನ ಏಜೆಂಟ್ ಆಗ್ಲೇ ಬರೆದಿಟ್ಟಿದೆ. ಒಪ್ಪಿಗೆ ಕೊಡೋಕೆ ಒಬ್ರು ಸೀನಿಯರ್ ಬೇಕು. ನೀವು ವಾಪಸ್ ಬರ್ತೀರಾ?"

ಅವಳು ಫೋನ್ ಇಟ್ಟಳು.

*

ಸಂಜೆ ಅಕ್ಬರ್ ಪಾಷಾನನ್ನು ಬಿಟ್ಟರು. ಫಖ್ರುನ್ನೀಸಾ ಧನಲಕ್ಷ್ಮಿಯ ಎರಡೂ ಕೈ ಹಿಡಿದುಕೊಂಡಳು. ಪಾಷಾ ಮಾತ್ರ ಠಾಣೆಯ ಮೆಟ್ಟಿಲ ಮೇಲೇ ನಿಂತ.

"ಮೇಡಂ, ಮಣಿ ಗಂಟೆ ಒತ್ತಿದ್ನಾ?"

ಇಲ್ಲ ಎನ್ನೋಣ ಎನ್ನಿಸಿತು ಅವಳಿಗೆ. ಆದರೆ ಅವನು ಒತ್ತಿದ್ದಕ್ಕೇ ತಾನೆ ಪಾಷಾ ಇವತ್ತು ಹೊರಗಿರುವುದು.

"ಒತ್ತಿದಾನೆ, ಪಾಷಾ ಭಾಯ್."

"ಒಂದ್ಸಲಾನಾ?"

"ತುಂಬಾ ಹೊತ್ತು ಒತ್ತಿದಾನೆ."

ಪಾಷಾ ಮೆಟ್ಟಿಲ ಮೇಲೆ ಕುಸಿದು ಕೂತ. "ನಾನು ಗೋಡೆ ಈಚೆ ಕಡೆ ಟೀ ಕುಡೀತಾ ಕೂತಿದ್ದೆ," ಎಂದ.

ಹೆಂಡತಿ ಆಟೋ ನಿಲ್ಲಿಸಿ ಕರೆದಳು. ಅವನು ಏಳಲಿಲ್ಲ.